ವೃತ್ತಪತ್ರಿಕೆಯ ಸಂಖ್ಯಾವಾಕ್ಯ

ಕಾವ್ಯವನ್ನು ವಿಮರ್ಶಿಸುವವರು ನಮ್ಮಲ್ಲಿ ಅನೇಕರಿರುವರು. ಕಾದಂಬರಿಗೂ ನಾಟಕಕ್ಕೂ ವಿಮರ್ಶಕರು ದೊರೆಯುತ್ತಾರೆ. ಆದರೆ ವಿದ್ಯಾವಂತರ ಮನೆಗಳಲ್ಲಿ ಪ್ರತಿದಿನವೂ ತಪ್ಪದೆ ಓದಲ್ಪಡುವ ಗದ್ಯವು ವೃತ್ತಪತ್ರಿಕೆಯ ಗದ್ಯವೇ ಆಗಿದ್ದರೂ ಅದನ್ನು ಮಾತ್ರ ಯಾರೂ ವಿಮರ್ಶೆಗೆ ಅರ್ಹವೆಂದು ಎಣಿಸಿದಂತೆ ತೋರುವುದಿಲ್ಲ. ಆ ಗದ್ಯದಲ್ಲಿಯೂ ಒಂದು ಜಾತಿಯ ವಾಕ್ಯವು ವಿಮರ್ಶಕನ ಕಣ್ಣಿನಿಂದ ಸಂಪೂರ್ಣವಾಗಿ ತಪ್ಪಿಸಿಕೊಂಡಿದೆ. “ಇಂತಹುದು ಶೇಕಡಾ ಇಷ್ಟು ಏರಿತು”, “ಹತ್ತು ಜನರಲ್ಲಿ ಏಳು ಜನರು ಹೀಗೆ ನಂಬುವರು” ಎಂಬ ವಾಕ್ಯವೇ ಅದು. ಇದನ್ನು ನಾನು ಸಂಖ್ಯಾವಾಕ್ಯವೆಂದು ಕರೆಯುತ್ತೇನೆ. ಉಪಮೆಯನ್ನು ಕಂಡರೆ ಔಚಿತ್ಯವನ್ನು ಕೇಳುವ ನಮ್ಮ ಓದುಗರು ಅಂಕಿಯನ್ನು ಕಂಡರೆ ತಲೆಬಾಗಿಸುವರು. ಅಂಕಿಗೆ ಅಲಂಕಾರವಿಲ್ಲ, ಆದುದರಿಂದ ಅದರಲ್ಲಿ ವಂಚನೆಯೂ ಇಲ್ಲವೆಂಬುದು ಅವರ ಭಾವನೆ.

‘ಸಂಖ್ಯಾ’ ಎಂಬ ಶಬ್ದವನ್ನೇ ಬಿಡಿಸಿ ನೋಡಿದರೆ ಈ ಭಾವನೆಯು ನಿಲ್ಲಲಾರದು. ‘ಖ್ಯಾ’ ಎಂಬ ಧಾತುವಿಗೆ ಹೇಳುವುದೆಂದೇ ಅರ್ಥ. ಸಮ್ಯಕ್ಕಾಗಿ, ಎಂದರೆ ಚೆನ್ನಾಗಿ, ಪೂರ್ಣವಾಗಿ ಹೇಳಿದುದು ಸಂಖ್ಯೆ. ಅಂಕಿಯೂ ಒಂದು ಮಾತೇ ಆಯಿತು. ಮಾತಾದ ಮೇಲೆ ವಾಕ್ಯಲಕ್ಷಣವು ಅದಕ್ಕೂ ಅನ್ವಯಿಸಬೇಕು. ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲಂತೆ, ವಾಕ್ಯವು ಅರ್ಥವನ್ನು ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರು ಬೇಕು. ಒಂದು ಪದವು ಮತ್ತೊಂದನ್ನು ಬಯಸಿ ನಿಂತಿರುವಾಗ ಆ ಮತ್ತೊಂದು ದೊರೆಯಬೇಕು. ದೊರೆತುದು ಪರಸ್ಪರ ಹೊಂದತಕ್ಕುದಾಗಿರಬೇಕು. ಎರಡೂ ಒಂದರ ಹಿಂದೆ ಒಂದಾಗಿ ಕಿವಿಗೆ ಬೀಳಬೇಕು. ಈ ಹಳೆಯ ಒರೆಗಲ್ಲಿನ ಮೇಲೆ ಪತ್ರಿಕೆಗಳ ಕೆಲವು ಸಂಖ್ಯಾವಾಕ್ಯಗಳನ್ನು ತಿಕ್ಕಿ ನೋಡುವುದೇ ಈ ಲೇಖನದ ಉದ್ದೇಶ.

ನನಗೆ ಹತ್ತಿರವಾದ ವಿಷಯದಿಂದಲೇ ಆರಂಭಿಸುವೆನು. ೨೦೧೧ರ ಜನಗಣತಿಯ ಭಾಷಾವಿವರಗಳು ೨೦೧೮ರಲ್ಲಿ ಹೊರಬಂದುವು. ಸಂಸ್ಕೃತವು ತಮ್ಮ ಮಾತೃಭಾಷೆಯೆಂದು ಹೇಳಿಕೊಂಡವರು ೨೦೦೧ರಲ್ಲಿ ೧೪,೧೩೫ ಮಂದಿ ಇದ್ದರು. ೨೦೧೧ರಲ್ಲಿ ೨೪,೮೨೧ ಮಂದಿ ಆದರು. ಇದನ್ನು ಶೇಕಡಾ ೭೬ರಷ್ಟು ವೃದ್ಧಿಯೆಂದು ಬರೆಯಬಹುದು; ಲೆಕ್ಕದಲ್ಲಿ ತಪ್ಪಿಲ್ಲ. ಗೀರ್ವಾಣವಾಣಿಯು ಮರಳಿ ಚಿಗುರಿತೆಂದು ಸಂತೋಷಪಟ್ಟ ಮಿತ್ರರೂ ನನಗುಂಟು. ಪಾಠಶಾಲೆಯ ಅನ್ನವನ್ನುಂಡ ನನಗೆ ಆ ಸಂತೋಷವು ಬೇಡವಾಗಿತ್ತೆಂದಲ್ಲ. ಆದರೆ ‘ಎಪ್ಪತ್ತಾರು’ ಎಂದ ಕೂಡಲೇ ಆಕಾಂಕ್ಷೆಯು ಏಳುತ್ತದೆ: ಎಷ್ಟರ ಮೇಲೆ? ಹದಿನಾಲ್ಕು ಸಾವಿರದ ಮೇಲೆ. ಒಟ್ಟು ಜನರೆಷ್ಟು? ನೂರಿಪ್ಪತ್ತೊಂದು ಕೋಟಿ. ಎಂದರೆ ವೃದ್ಧಿಯಾದ ಮೇಲೆಯೂ ಸುಮಾರು ನಲವತ್ತೊಂಬತ್ತು ಸಾವಿರ ಜನರಲ್ಲಿ ಒಬ್ಬರು. ಇನ್ನೂ ಹಿಂದಕ್ಕೆ ಹೋದರೆ ಆಶ್ಚರ್ಯವು ಹೆಚ್ಚುತ್ತದೆ. ೧೯೭೧ರಲ್ಲಿ ೨,೨೧೨, ೧೯೮೧ರಲ್ಲಿ ೬,೧೦೬, ೧೯೯೧ರಲ್ಲಿ ೪೯,೭೩೬, ಅನಂತರ ೨೦೦೧ರಲ್ಲಿ ಹಿಂದೆ ಹೇಳಿದ ೧೪,೧೩೫. ಹತ್ತು ವರ್ಷಗಳಲ್ಲಿ ಎಂಟು ಪಾಲು ಬೆಳೆದ ಜನಾಂಗವು ಮುಂದಿನ ಹತ್ತು ವರ್ಷಗಳಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯಾಯಿತೆಂದರೆ ನಡುವೆ ಯಾವ ಮಾರಿ ಬಂದಿತ್ತು? ಯಾರು ದೇಶವನ್ನು ಬಿಟ್ಟು ಹೋದರು? ಯಾವುದೂ ಇಲ್ಲ. ಅಂಕಿಯು ಅಳೆದುದು ಮನೆಯಲ್ಲಿ ಆಡುವ ಮಾತನ್ನಲ್ಲ. ಗಣತಿದಾರನ ಪ್ರಶ್ನೆಗೆ ಆ ವರ್ಷ ಕೊಟ್ಟ ಉತ್ತರವನ್ನು. ಶ್ರದ್ಧೆಯಿಂದಲೋ ಅಭಿಮಾನದಿಂದಲೋ ಯಾರಾದರೂ ಪ್ರೇರಿಸಿದುದರಿಂದಲೋ ಉತ್ತರವು ಬದಲಾಯಿಸಬಹುದು. ಭಾಷೆಯು ಹಾಗೆ ದಶವರ್ಷಕ್ಕೊಮ್ಮೆ ಕುಣಿಯುವುದಿಲ್ಲ. ಪ್ರಸಂಗವಶಾತ್ ಹೇಳುತ್ತೇನೆ: ನಾನು ಮಾತೃಭಾಷೆ ಕನ್ನಡವೆಂದೂ, ಬಲ್ಲ ಇತರ ಭಾಷೆಗಳಲ್ಲಿ ಸಂಸ್ಕೃತವೊಂದೆಂದೂ ಬರೆಯಿಸಿದವನು. ಆ ೨೪,೮೨೧ರಲ್ಲಿ ನಾನಿಲ್ಲ.

ಅದೇ ವಿವರಗಳಲ್ಲಿ ಹಿಂದೀಭಾಷಿಕರು ಶೇಕಡಾ ೪೩.೬೩ ಎಂಬ ಅಂಕಿಯು ಅತ್ಯಂತ ಪ್ರಸಿದ್ಧವಾಯಿತು. ಇದನ್ನು ಹಿಡಿದುಕೊಂಡು ವಾದಿಸುವವರೂ ಇದ್ದಾರೆ, ಇದಕ್ಕೆ ಸಿಟ್ಟಾಗುವವರೂ ಇದ್ದಾರೆ. ಇಬ್ಬರೂ ಕೇಳಬೇಕಾದ ಪ್ರಶ್ನೆಯೆಂದರೆ, ಯಾರನ್ನು ಹಿಂದೀಭಾಷಿಕರೆಂದು ಎಣಿಸಿದರು? ಒಟ್ಟು ೫೨.೮ ಕೋಟಿಯಲ್ಲಿ ಹಿಂದಿಯೇ ಮಾತೃಭಾಷೆಯೆಂದು ಹೇಳಿದವರು ೩೨.೨ ಕೋಟಿ. ಉಳಿದವರು ಭೋಜಪುರಿ, ರಾಜಸ್ಥಾನಿ, ಛತ್ತೀಸಗಢಿ, ಮಗಹಿ ಮೊದಲಾದ ಹೆಸರುಗಳನ್ನು ಹೇಳಿದವರು. ಗಣತಿಯ ಕಚೇರಿಯು ಅವರನ್ನು ಹಿಂದಿಯೆಂಬ ಶಿರೋನಾಮದ ಕೆಳಗೆ ಸೇರಿಸಿತು. ಭೋಜಪುರಿಯವರೇ ಐದು ಕೋಟಿ, ಎಂದರೆ ೪.೩೭ ಕೋಟಿಯಷ್ಟಿರುವ ನಮ್ಮ ಕನ್ನಡಿಗರಿಗಿಂತ ಹೆಚ್ಚು ಮಂದಿ. ಆದರೆ ನಾವು ತೀರ ನಿರ್ಮಲರೆಂದು ತಿಳಿಯಬಾರದು. ನೀಲಗಿರಿಯ ಬಡಗರ ಮಾತನ್ನೂ ಅದೇ ಕಚೇರಿಯು ಕನ್ನಡದ ಶಿರೋನಾಮದ ಕೆಳಗೆ ಇಟ್ಟಿದೆ. ಆ ಒಂದು ಲಕ್ಷಕ್ಕೆ ಮಿಕ್ಕಿದ ಜನರನ್ನು ಎಣಿಸಿಕೊಳ್ಳುವಾಗ ನಮ್ಮಲ್ಲಿ ಯಾರೂ ಆಕ್ಷೇಪಿಸಿದಂತೆ ಕಾಣೆನು.

ಆಕಾಂಕ್ಷೆಯನ್ನು ಪೂರೈಸದೆ ಬಿಟ್ಟರೆ ಇಂತಹ ಭಾಷಾವಿವಾದಗಳು ಮಾತ್ರ ಹುಟ್ಟುವುವೆಂದು ತಿಳಿದರೆ ಸಾಲದು. ೧೯೯೫ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧಸುರಕ್ಷಾ ಸಮಿತಿಯು ಒಂದು ಎಚ್ಚರಿಕೆಯನ್ನು ಕೊಟ್ಟಿತು. ಹೊಸ ಬಗೆಯ ಕೆಲವು ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಅಪಾಯವು ಇಮ್ಮಡಿಯಾಗುವುದೆಂಬುದೇ ಆ ಎಚ್ಚರಿಕೆ. ಇಮ್ಮಡಿಯೆಂದರೆ ನೂರಕ್ಕೆ ನೂರು ಹೆಚ್ಚಳ. ಪತ್ರಿಕೆಗಳೂ ದೂರದರ್ಶನವೂ ಅದನ್ನು ಹಾಗೆಯೇ ಸಾರಿದುವು. ಭಯಪಟ್ಟ ಸ್ತ್ರೀಯರು ಗುಳಿಗೆಯನ್ನು ಬಿಟ್ಟುಬಿಟ್ಟರು. ಎಷ್ಟರಿಂದ ಎಷ್ಟಕ್ಕೆ ಇಮ್ಮಡಿಯಾಯಿತೆಂದು ವಿಚಾರಿಸಿದರೆ, ಹಳೆಯ ಗುಳಿಗೆಯಿಂದ ಏಳು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರುತ್ತಿದ್ದುದು ಹೊಸದರಿಂದ ಇಬ್ಬರಿಗೆ ಬರುವುದಾಗಿತ್ತು, ಅಷ್ಟೆ. ಗರ್ಭವತಿಯಾಗುವುದರಿಂದಲೇ ಅದೇ ಕಾಯಿಲೆಯ ಅಪಾಯವು ಇದಕ್ಕಿಂತ ಹೆಚ್ಚು. ಮರುವರ್ಷ ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳಲ್ಲಿ ಸುಮಾರು ೧೩,೦೦೦ ಗರ್ಭಪಾತಗಳು ಹೆಚ್ಚಾಗಿ ನಡೆದುವೆಂದು ಅಂದಾಜು ಮಾಡಿರುವರು. ‘ನೂರಕ್ಕೆ ನೂರು’ ಎಂಬುದೂ ಸತ್ಯ, ‘ಏಳು ಸಾವಿರಕ್ಕೆ ಒಂದು ಹೆಚ್ಚು’ ಎಂಬುದೂ ಸತ್ಯ. ಒಂದೇ ಸಂಗತಿಯ ಈ ಎರಡು ವಾಕ್ಯಗಳಲ್ಲಿ ಯಾವುದನ್ನು ಮುದ್ರಿಸಬೇಕೆಂಬುದು ಗಣಿತದ ಪ್ರಶ್ನೆಯಲ್ಲ, ಶೈಲಿಯ ಪ್ರಶ್ನೆ. ಶೈಲಿಯ ಪ್ರಶ್ನೆಗೆ ಉತ್ತರ ಹೇಳಬೇಕಾದವನು ವಿಮರ್ಶಕನೇ ಅಲ್ಲವೆ?

ಇನ್ನು ಯೋಗ್ಯತೆ. ಬೆಂಕಿಯಿಂದ ನೆನೆಸೆಂದರೆ ಪದಗಳು ಒಂದನ್ನೊಂದು ಬಯಸಿದರೂ ಹೊಂದುವುದಿಲ್ಲ. ಚುನಾವಣೆಯ ಕಾಲದಲ್ಲಿ ಈ ಬಗೆಯ ವಾಕ್ಯಗಳು ಮಳೆಗಾಲದ ಅಣಬೆಗಳಂತೆ ಏಳುತ್ತವೆ. ೨೦೨೪ರ ಜೂನ್ ೧ರ ಸಂಜೆ ಲೋಕಸಭೆಯ ಮತದಾನವು ಮುಗಿದೊಡನೆ ಮತಗಟ್ಟೆ ಸಮೀಕ್ಷೆಗಳು ಹೊರಬಿದ್ದುವು. ಆಳುವ ಕೂಟಕ್ಕೆ ೩೫೦ಕ್ಕೂ ಮಿಕ್ಕಿದ ಸ್ಥಾನಗಳೆಂದು ಬಹುಮಂದಿ ಹೇಳಿದರು. ೪೦೧ರವರೆಗೆ ಹೋಗಬಹುದೆಂದವರೂ ಉಂಟು. ಜೂನ್ ೩ರಂದು ಮುಂಬಯಿಯ ಷೇರುಪೇಟೆಯ ಸೂಚ್ಯಂಕವು ಸುಮಾರು ೨,೫೦೦ ಅಂಕ ಏರಿತು. ೪ರಂದು ಮತಗಳನ್ನು ಎಣಿಸಿದಾಗ ಕೂಟಕ್ಕೆ ಬಂದುದು ೨೯೩. ಅದೇ ದಿನ ಸೂಚ್ಯಂಕವು ಸುಮಾರು ೪,೩೯೦ ಅಂಕ ಇಳಿಯಿತು. ಕೇವಲ ಮನೋರಂಜನೆಗಾಗಿ ಇದನ್ನು ನೋಡಿದವರಿಗೆ ನಷ್ಟವಿಲ್ಲ. ನಂಬಿ ಹಣವನ್ನು ತೊಡಗಿಸಿದವರು ಉಳಿತಾಯವನ್ನು ಕಳೆದುಕೊಂಡರು.

ಸಮೀಕ್ಷೆ ಮಾಡಿದವರು ಸುಳ್ಳುಗಾರರೆಂದು ನಾನು ಹೇಳುತ್ತಿಲ್ಲ. ಮತದ ಪ್ರಮಾಣದಿಂದ ಸ್ಥಾನಗಳ ಸಂಖ್ಯೆಯನ್ನು ಹೇಳುವುದರಲ್ಲಿಯೇ ಅಯೋಗ್ಯತೆಯುಂಟು. ನಮ್ಮ ಕರ್ನಾಟಕವನ್ನೇ ನೋಡಿರಿ. ೨೦೧೮ರ ವಿಧಾನಸಭಾ ಚುನಾವಣೆಯಲ್ಲಿ ಭಾರತೀಯ ಜನತಾಪಕ್ಷಕ್ಕೆ ಶೇಕಡಾ ೩೬ರಷ್ಟು ಮತಗಳು ಬಂದು ೧೦೪ ಸ್ಥಾನಗಳು ದೊರೆತುವು. ಶೇಕಡಾ ೩೮ರಷ್ಟು ಮತಗಳನ್ನು ಪಡೆದ ಕಾಂಗ್ರೆಸ್ಸು ಅದಕ್ಕಿಂತ ಹಿಂದೆ ಬಿದ್ದಿತು. ೨೦೨೩ರಲ್ಲಿ ಅದೇ ಜನತಾಪಕ್ಷಕ್ಕೆ ಅದೇ ಶೇಕಡಾ ೩೬ರಷ್ಟು ಮತಗಳೇ ಬಂದುವು. ಸ್ಥಾನಗಳು ಮಾತ್ರ ೬೬. ಕಾಂಗ್ರೆಸ್ಸಿಗೆ ೧೩೫. ಮತಗಳು ಎಲ್ಲೆಲ್ಲಿ ಹರಡಿವೆ, ಎದುರಾಳಿಗಳ ಮತಗಳು ಹೇಗೆ ಹಂಚಿಹೋದುವು ಎಂಬುದರ ಮೇಲೆ ಎಲ್ಲವೂ ನಿಂತಿರುವಾಗ, ದಾರಿಯಲ್ಲಿ ಸಿಕ್ಕಿದ ಕೆಲವು ಸಾವಿರ ಜನರ ಮಾತಿನಿಂದ ಸ್ಥಾನಗಳನ್ನು ಒಂದೊಂದಾಗಿ ಎಣಿಸಿ ಹೇಳುವುದು ಬೆಂಕಿಯಿಂದ ನೆನೆಸಿದಂತೆಯೇ ಸರಿ.

ಕೆಲವು ಸಾವಿರ ಜನರು ಕಡಿಮೆಯಾಯಿತು, ಕೆಲವು ಲಕ್ಷವಿದ್ದರೆ ಸರಿಹೋಗುತ್ತಿತ್ತೆಂದು ಯಾರಾದರೂ ಹೇಳಬಹುದು. ೧೯೩೬ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆಯು ಸುಮಾರು ಒಂದು ಕೋಟಿ ಜನರಿಗೆ ಕಾಗದಗಳನ್ನು ಕಳುಹಿಸಿ, ಇಪ್ಪತ್ತುಮೂರು ಲಕ್ಷಕ್ಕೂ ಮಿಕ್ಕಿದ ಉತ್ತರಗಳನ್ನು ಪಡೆದು, ಅಧ್ಯಕ್ಷಪದವಿಯು ಲ್ಯಾಂಡನ್ನನಿಗೆ ದೊರೆಯುವುದೆಂದು ಸಾರಿತು. ರೂಸ್‌ವೆಲ್ಟನು ೪೮ ಸಂಸ್ಥಾನಗಳಲ್ಲಿ ೪೬ನ್ನು ಗೆದ್ದನು. ಪತ್ರಿಕೆಯು ವಿಳಾಸಗಳನ್ನು ತೆಗೆದುಕೊಂಡುದು ಟೆಲಿಫೋನಿನ ಪುಸ್ತಕಗಳಿಂದ, ಮೋಟಾರುಗಾಡಿಗಳ ಪಟ್ಟಿಗಳಿಂದ; ಆ ದಾರಿದ್ರ್ಯದ ಕಾಲದಲ್ಲಿ ಇವೆರಡೂ ಇಲ್ಲದವರೇ ರೂಸ್‌ವೆಲ್ಟನ ಕಡೆಯವರು. ಮೇಲಾಗಿ, ಉತ್ತರ ಬರೆಯುವ ಶ್ರಮವನ್ನು ವಹಿಸಿದವರೆಂದರೆ ಆಳುವವನ ಮೇಲೆ ಸಿಟ್ಟಿದ್ದವರು. ಅದೇ ವರ್ಷ ಜಾರ್ಜ್ ಗ್ಯಾಲಪ್ ಎಂಬವನು ಸುಮಾರು ಐವತ್ತು ಸಾವಿರ ಜನರನ್ನು ಮಾತ್ರ ವಿಚಾರಿಸಿ ಗೆಲ್ಲುವವನನ್ನು ಸರಿಯಾಗಿ ಹೇಳಿದನು. ಒಂದು ಅಗುಳಿನಿಂದ ಅನ್ನ ಬೆಂದುದನ್ನು ತಿಳಿಯಬಹುದು, ಆದರೆ ಪಾತ್ರೆಯ ಅನ್ನವನ್ನು ಮೊದಲು ಚೆನ್ನಾಗಿ ಕಲಕಿರಬೇಕು. ಈ ಕಲಕುವ ವಿದ್ಯೆಯಲ್ಲಿ ನಮ್ಮ ದೇಶದವರು ಹಿಂದೆ ಬಿದ್ದವರಲ್ಲ. ಬಂಗಾಳದ ಸೆಣಬಿನ ಬೆಳೆಯನ್ನು ಅಲ್ಲಲ್ಲಿ ಆಯ್ದ ತುಂಡುನೆಲಗಳಿಂದ ಅಂದಾಜು ಮಾಡಿದ ಮಹಾಲನೋಬಿಸರು ೧೯೩೩ರಲ್ಲಿ ಹೊರಡಿಸಿದ ಶಾಸ್ತ್ರಪತ್ರಿಕೆಗೆ ‘ಸಂಖ್ಯಾ’ ಎಂದೇ ಹೆಸರಿಟ್ಟರು. ಅವರ ಸಂಸ್ಥೆಯಲ್ಲಿ ಬೆಳೆದು ಜಗತ್ತಿನ ಸಂಖ್ಯಾಶಾಸ್ತ್ರಜ್ಞರಿಗೆಲ್ಲ ಮಾನ್ಯರಾದ ಸಿ. ಆರ್. ರಾವ್ ಅವರು ೧೯೨೦ರಲ್ಲಿ ಹುಟ್ಟಿದುದು ನಮ್ಮ ಹೂವಿನ ಹಡಗಲಿಯಲ್ಲಿ. ನೂರೆರಡು ವರ್ಷಗಳು ತುಂಬಿದ ಮೇಲೆ ೨೦೨೩ರಲ್ಲಿ ಅವರು ತೀರಿಕೊಂಡಾಗ ನಮ್ಮ ಪತ್ರಿಕೆಗಳು ಎಷ್ಟು ಅಂಗುಲ ಸ್ಥಳವನ್ನು ಕೊಟ್ಟುವೆಂಬುದನ್ನು ನಾನು ಅಳೆಯಹೋಗಲಿಲ್ಲ.

ಸನ್ನಿಧಿಯ ವಿಷಯವು ಚಿಕ್ಕದು, ಆದರೆ ಮೂರರಲ್ಲಿ ಹೆಚ್ಚು ಹಾನಿಕರವಾದುದು ಅದೇ. ‘ಹಸುವನ್ನು’ ಎಂದು ಬೆಳಗ್ಗೆ ಹೇಳಿ ‘ತಾ’ ಎಂದು ಸಂಜೆ ಹೇಳಿದರೆ ವಾಕ್ಯವಾಗುವುದಿಲ್ಲ. ೨೦೦೪ರ ಸೆಪ್ಟೆಂಬರಿನಲ್ಲಿ ೨೦೦೧ರ ಜನಗಣತಿಯ ಮತಾನುಸಾರ ವಿವರಗಳು ಪ್ರಕಟವಾದಾಗ, ಮುಸಲ್ಮಾನರ ದಶವಾರ್ಷಿಕ ವೃದ್ಧಿಯು ೩೪.೫ರಿಂದ ಶೇಕಡಾ ೩೬ಕ್ಕೆ ಏರಿತೆಂಬ ಅಂಕಿಯು ದೇಶವನ್ನೆಲ್ಲ ಸುತ್ತಿತು. ೧೯೯೧ರಲ್ಲಿ ಜಮ್ಮು-ಕಾಶ್ಮೀರದಲ್ಲಿ ಜನಗಣತಿಯೇ ನಡೆದಿರಲಿಲ್ಲ. ೧೯೮೧ರಲ್ಲಿ ಅಸ್ಸಾಮಿನಲ್ಲಿ ನಡೆದಿರಲಿಲ್ಲ. ಹಿಂದಿನ ಮೊತ್ತದಲ್ಲಿ ಇಲ್ಲದ ಒಂದು ಸಂಸ್ಥಾನದ ಜನರನ್ನೆಲ್ಲ ಇಂದಿನ ಮೊತ್ತದಲ್ಲಿ ಸೇರಿಸಿದರೆ ಅವರೆಲ್ಲ ಹತ್ತು ವರ್ಷಗಳಲ್ಲಿ ಹುಟ್ಟಿದವರಂತೆ ತೋರುವರಷ್ಟೆ. ಆ ಎರಡು ಪ್ರಾಂತಗಳನ್ನು ಬಿಟ್ಟು ಲೆಕ್ಕ ಹಾಕಿದಾಗ ವೃದ್ಧಿಯು ೩೨.೯ರಿಂದ ೨೯.೩ಕ್ಕೆ ಇಳಿದಿತ್ತು. ಏರಿಕೆಯೆಂದುದು ಇಳಿಕೆಯಾಯಿತು. ಈ ತಿದ್ದುಪಡಿಯು ಕೆಲವೇ ದಿನಗಳಲ್ಲಿ ಪ್ರಕಟವೂ ಆಯಿತು. ಆದರೆ ಮೊದಲ ಅಂಕಿಯನ್ನು ಓದಿದ ಕಣ್ಣುಗಳೆಲ್ಲ ಎರಡನೆಯದನ್ನು ಓದಲಿಲ್ಲ. ಭಾಷಣಗಳಲ್ಲಿ ಮೊದಲನೆಯದು ಬಹುಕಾಲ ಬದುಕಿತು. ‘ಹಸುವನ್ನು’ ಎಂಬುದು ಮೊದಲ ಪುಟದಲ್ಲಿ, ‘ತರಬೇಡ’ ಎಂಬುದು ಒಳಪುಟದಲ್ಲಿ. ನೆರೆಹೊರೆಯವರ ಸ್ನೇಹವು ಇಂತಹ ಅಂತರದಲ್ಲಿ ಕೆಡುವುದನ್ನು ಸಣ್ಣ ಊರುಗಳಲ್ಲಿ ವಾಸಿಸುವ ನಾವೆಲ್ಲರೂ ಬಲ್ಲೆವು.

ಇಷ್ಟನ್ನು ಓದಿದ ವಾಚಕರು, ಹಾಗಾದರೆ ಪತ್ರಿಕೆಯ ಅಂಕಿಯನ್ನು ನಂಬಲೇಬಾರದೆ ಎಂದು ಕೇಳಬಹುದು. ಇಲ್ಲಿಯೇ ಜಾಗರೂಕರಾಗಿರಬೇಕಾದುದು. ಈ ವಿಷಯದಲ್ಲಿ ಜಗತ್ತಿನಲ್ಲೆಲ್ಲ ಹೆಚ್ಚಾಗಿ ಓದಲ್ಪಟ್ಟ ಪುಸ್ತಕವೊಂದುಂಟು: ಡ್ಯಾರೆಲ್ ಹಫ್ ಎಂಬ ಅಮೆರಿಕದ ಲೇಖಕನು ೧೯೫೪ರಲ್ಲಿ ಬರೆದ, ಅಂಕಿ-ಅಂಶಗಳಿಂದ ಸುಳ್ಳು ಹೇಳುವುದು ಹೇಗೆಂಬ ಅರ್ಥದ ಹೆಸರಿನ ಚಿಕ್ಕ ಗ್ರಂಥ. ಹಫ್ ಸಂಖ್ಯಾಶಾಸ್ತ್ರಜ್ಞನಲ್ಲ, ಪತ್ರಿಕೆಗಳಿಗೆ ಬರೆಯುತ್ತಿದ್ದವನು. ಗ್ರಂಥವು ಲಘುವಾಗಿದೆ, ಹಾಸ್ಯವಾಗಿದೆ, ಚಿತ್ರಗಳಿವೆ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ೧೯೨೪ರ ತರಗತಿಯವರ ಸರಾಸರಿ ವರಮಾನವು ವರ್ಷಕ್ಕೆ ೨೫,೧೧೧ ಡಾಲರೆಂಬ ಸುದ್ದಿಯನ್ನು ತೆಗೆದುಕೊಂಡು, ವಿಳಾಸವು ಸಿಕ್ಕದವರು ಯಾರು, ಸಿಕ್ಕಿದರೂ ಉತ್ತರ ಕೊಡದವರು ಯಾರು, ಕೊಟ್ಟವರಲ್ಲಿ ಉಬ್ಬಿಸಿ ಹೇಳಿದವರು ಯಾರು ಎಂದು ಒಂದೊಂದೇ ಸಿಪ್ಪೆಯನ್ನು ಸುಲಿಯುವ ಪ್ರಕರಣವು ನಿಜವಾಗಿಯೂ ಚೆನ್ನಾಗಿದೆ. ಗ್ರಂಥಗುಣವನ್ನು ಒಪ್ಪಿಕೊಂಡೇ ದೋಷವನ್ನು ಹೇಳುತ್ತೇನೆ. ಎಣಿಸುವುದು ಹೇಗೆಂದು ಅದರಲ್ಲಿ ಬಹಳ ಸ್ವಲ್ಪವೇ ಇದೆ. ಓದಿ ಮುಗಿಸಿದವನಿಗೆ ತನ್ನನ್ನು ಯಾರೂ ಮೋಸಗೊಳಿಸಲಾರರೆಂಬ ಒಂದು ಸುಖವಾದ ಭಾವನೆ ಬರುತ್ತದೆ. ಆ ಭಾವನೆಗೆ ಅವನು ಯಾವ ಶ್ರಮವನ್ನೂ ಪಟ್ಟಿರುವುದಿಲ್ಲ.

ಆ ಸುಖವಾದ ಸಂಶಯಕ್ಕೆ ಮುಂದೆ ಗಿರಾಕಿಗಳು ದೊರೆತರು. ೧೯೫೦ರಲ್ಲಿ ಡಾಲ್ ಮತ್ತು ಹಿಲ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ಶ್ವಾಸಕೋಶದ ಅರ್ಬುದರೋಗಿಗಳನ್ನೂ ಬೇರೆ ಕಾಯಿಲೆಗಳ ರೋಗಿಗಳನ್ನೂ ಆಸ್ಪತ್ರೆಗಳಲ್ಲಿ ವಿಚಾರಿಸಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದ್ದರು. ಅರ್ಬುದವಿದ್ದ ೬೪೯ ಪುರುಷರಲ್ಲಿ ಹೊಗೆಸೊಪ್ಪನ್ನು ಸೇದದವರು ಇಬ್ಬರೇ. ಬೇರೆ ರೋಗವಿದ್ದ ಅಷ್ಟೇ ಪುರುಷರಲ್ಲಿ ೨೭ ಮಂದಿ. ಅನಂತರ ೧೯೫೧ರಿಂದ ಬ್ರಿಟಿಷ್ ವೈದ್ಯರನ್ನೇ ಸಾವಿರಾರು ಸಂಖ್ಯೆಯಲ್ಲಿ ವರ್ಷಾನುಗಟ್ಟಲೆ ಗಮನಿಸಿದರು. ಸಿದ್ಧಾಂತವು ಮತ್ತಷ್ಟು ದೃಢವಾಯಿತು. ೧೯೬೫ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ಇದೇ ಹಫ್ ಬಂದು ಸಾಕ್ಷ್ಯ ನುಡಿದನು. ಕೊಕ್ಕರೆಗಳು ಹೆಚ್ಚಿದ ಕಡೆ ಕೂಸುಗಳೂ ಹೆಚ್ಚುವುವೆಂಬ ಹಳೆಯ ಹಾಸ್ಯದ ಉದಾಹರಣೆಯನ್ನು ಹೇಳಿ, ಧೂಮಪಾನಕ್ಕೂ ರೋಗಕ್ಕೂ ಇರುವ ಸಂಬಂಧವೂ ಅಂತಹುದೇ ಆಗಿರಬಹುದೆಂದನು. ಧೂಮಪಾನದ ಅಂಕಿಗಳ ಮೇಲೆ ಹಳೆಯ ಹೆಸರನ್ನೇ ಹೋಲುವ ಒಂದು ಪುಸ್ತಕವನ್ನು ಬರೆಯಲು ತಂಬಾಕಿನ ವ್ಯಾಪಾರಿಗಳು ಅವನಿಗೆ ಹಣವನ್ನು ಕೊಟ್ಟುದು ಅವರ ಕಾಗದಪತ್ರಗಳು ಬಹಿರಂಗವಾದಾಗ ತಿಳಿದುಬಂದಿತು. ಆ ಪುಸ್ತಕವು ಪ್ರಕಟವಾಗಲಿಲ್ಲ.

ಹಫ್‌ನನ್ನು ಲೇಖಕನೆಂದು ಬಿಟ್ಟುಬಿಡೋಣ. ಆಧುನಿಕ ಸಂಖ್ಯಾಶಾಸ್ತ್ರದ ಆಚಾರ್ಯಸ್ಥಾನದಲ್ಲಿದ್ದ ಆರ್. ಎ. ಫಿಷರನೇ ತಂಬಾಕಿನ ತಯಾರಕರಿಗೆ ಸಲಹೆಗಾರನಾಗಿದ್ದುಕೊಂಡು, ಸೇದುವ ಚಪಲವೂ ಅರ್ಬುದವೂ ಹುಟ್ಟಿನಿಂದಲೇ ಬಂದ ಒಂದೇ ಪ್ರಕೃತಿಯಿಂದ ಆಗಿರಬಾರದೇಕೆ ಎಂದು ಕೇಳಿದನು. ನಮ್ಮವರ ಪರಿಭಾಷೆಯಲ್ಲಿ ಇದು ಉಪಾಧಿಶಂಕೆ. ಬೆಂಕಿಯಿರುವೆಡೆಯಲ್ಲೆಲ್ಲ ಹೊಗೆಯುಂಟೆಂಬ ವ್ಯಾಪ್ತಿಯು ನಿಲ್ಲುವುದಿಲ್ಲ, ಹಸಿಯ ಸೌದೆಯೆಂಬ ಉಪಾಧಿ ಬೇಕೆಂದು ನೈಯಾಯಿಕರು ತೋರಿಸುವರು. ಆದರೆ ಅವರು ಹಸಿಯ ಸೌದೆಯನ್ನು ತೋರಿಸುವರು. ಏನೋ ಒಂದಿರಬಹುದೆಂದು ಹೇಳಿ ಎದ್ದುಹೋಗುವುದಿಲ್ಲ. ಶಂಕೆಗೂ ಒಂದು ಎಲ್ಲೆಯುಂಟೆಂದು ಉದಯನಾಚಾರ್ಯರು ಕುಸುಮಾಂಜಲಿಯಲ್ಲಿ ನಿರ್ಣಯಿಸಿದರು. ಮುಂದೆ ಗಂಗೇಶೋಪಾಧ್ಯಾಯರು ಅದನ್ನು ವಿಸ್ತರಿಸಿದ ರೀತಿಯು ನನಗೆ ಬಹು ಪ್ರಿಯವಾದುದು: ಹೊಗೆಗೂ ಬೆಂಕಿಗೂ ಸಂಬಂಧವಿದೆಯೋ ಇಲ್ಲವೋ ಎಂದು ಸಂಶಯಪಡುವವನೇ ಹೊಗೆ ಬೇಕಾದಾಗ ಬೆಂಕಿಯನ್ನು ಹೊತ್ತಿಸುತ್ತಾನೆ, ಹಸಿವಾದಾಗ ಊಟಕ್ಕೆ ಕುಳಿತುಕೊಳ್ಳುತ್ತಾನೆ. ತನ್ನ ನಡತೆಯೇ ವಿರೋಧಿಸುವ ಸಂಶಯವನ್ನು ಬಾಯಿಂದ ಆಡಬಹುದು, ನಿಜವಾಗಿ ಪಡಲಾಗದು. ಸಂಶಯವು ಸುಲಭವಾಗಿದ್ದು, ಅದರಿಂದ ಯಾರಿಗೋ ಲಾಭವಾಗುತ್ತಿರುವಾಗ, ಅಂಕಿಯನ್ನು ಪರೀಕ್ಷಿಸಿದಷ್ಟೇ ನಿಷ್ಠುರವಾಗಿ ಆ ಸಂಶಯವನ್ನೂ ಪರೀಕ್ಷಿಸಬೇಕು.

ಸರಿಯಾದ ಸಂಶಯದ ಮಾದರಿಯು ನಮಗೆ ಭಾರತದ ಅರಣ್ಯಪರ್ವದಲ್ಲಿ ದೊರೆಯುತ್ತದೆ. ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದ ನಳನು ಅಯೋಧ್ಯೆಯ ಋತುಪರ್ಣನನ್ನು ವಿದರ್ಭಕ್ಕೆ ಕರೆದೊಯ್ಯುತ್ತಿರುವಾಗ, ರಾಜನು ದಾರಿಯಲ್ಲಿದ್ದ ತಾರೆಯ ಮರವನ್ನು ನೋಡಿದ ಮಾತ್ರದಿಂದಲೇ ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ ೨,೦೯೫ ಹಣ್ಣುಗಳೂ ಇವೆಯೆಂದನು. ನಳನು ಆಹಾ ಎನ್ನಲಿಲ್ಲ. ಸುಳ್ಳೆಂದು ನಗಲೂ ಇಲ್ಲ. ರಥವನ್ನು ನಿಲ್ಲಿಸಿದನು. ಹೊತ್ತಾಗುವುದೆಂದು ರಾಜನು ತೊಡಕು ಹೇಳಿದರೂ ಬಿಡದೆ, ಮರವನ್ನು ಕಡಿದು ಎಣಿಸಿದನು. ಲೆಕ್ಕವು ಸರಿಹೋಯಿತು. ಸರಿಹೋದ ಮೇಲೆ ಆ ವಿದ್ಯೆಯನ್ನು ತನಗೆ ಕಲಿಸಬೇಕೆಂದು ಬೇಡಿದನು. ಪತ್ರಿಕೆಯನ್ನು ಓದುವ ನಮಗಿರುವ ಕಷ್ಟವೆಂದರೆ ಮರವು ನಮ್ಮ ಮುಂದಿಲ್ಲ. ಕಡಿದು ಎಣಿಸಲಾರೆವು. ಆದುದರಿಂದ ಎಣಿಸಿದವನು ಯಾರು, ಯಾವ ಮರವನ್ನು, ಎಷ್ಟು ಕೊಂಬೆಗಳನ್ನು ನೋಡಿ ಹೇಳಿದನೆಂಬುದನ್ನು ವರದಿಗಾರನು ತಿಳಿಸಲೇಬೇಕು. ತಿಳಿಸಿದರೆ ಅವನ ಮಾತು ಆಪ್ತವಾಕ್ಯವಾಗುವ ದಾರಿಯನ್ನು ಹಿಡಿಯುತ್ತದೆ.

ಹಾಗೆ ತಿಳಿಸಿದ ಪತ್ರಿಕೆಗಳೂ ಇವೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ೨೦೨೧ರ ಕೋವಿಡ್ ಮಾರಿಯ ಎರಡನೆಯ ಅಲೆಯಲ್ಲಿ ಗುಜರಾತಿನ ‘ಸಂದೇಶ’ ಪತ್ರಿಕೆಯ ವರದಿಗಾರರು ಸ್ಮಶಾನಗಳಿಗೆ ಹೋಗಿ ಶವಗಳನ್ನು ತಾವೇ ಎಣಿಸಿದರು. ಅದೇ ಪ್ರಾಂತದ ‘ದಿವ್ಯ ಭಾಸ್ಕರ’ವು ಮೇ ೧೪ರಂದು, ಮಾರ್ಚ್ ೧ರಿಂದ ಮೇ ೧೦ರವರೆಗೆ ಸುಮಾರು ೧,೨೩,೦೦೦ ಮರಣಪತ್ರಗಳು ಕೊಡಲ್ಪಟ್ಟುವೆಂದೂ ಹಿಂದಿನ ವರ್ಷ ಅದೇ ದಿನಗಳಲ್ಲಿ ಸುಮಾರು ೫೮,೦೦೦ ಕೊಡಲ್ಪಟ್ಟಿದ್ದುವೆಂದೂ ಮುದ್ರಿಸಿತು. ಸರ್ಕಾರವು ಅಷ್ಟು ದಿನಗಳಲ್ಲಿ ಕೋವಿಡ್ಡಿನಿಂದ ಸತ್ತವರೆಂದು ಹೇಳಿದ್ದುದು ೪,೨೧೮. ಈ ವಾಕ್ಯವನ್ನು ನಮ್ಮ ಒರೆಗಲ್ಲಿಗೆ ಹಚ್ಚಿರಿ. ಯಾವುದನ್ನು ಎಣಿಸಿದರು? ಮರಣಪತ್ರಗಳನ್ನು. ಯಾವ ದಿನದಿಂದ ಯಾವ ದಿನದವರೆಗೆ? ಹೇಳಿದೆ. ಯಾವುದರೊಡನೆ ಹೋಲಿಕೆ? ಹೇಳಿದೆ. ಎಲ್ಲವೂ ಒಂದೇ ಕಡೆಯಲ್ಲಿದೆ. ಮರಣಪತ್ರಗಳಿಂದ ಸಾವನ್ನು ಎಣಿಸಬಾರದೆಂದು ಸರ್ಕಾರವು ಆಕ್ಷೇಪಿಸಿತು. ಆ ಆಕ್ಷೇಪದಲ್ಲಿ ಸತ್ಯಾಂಶವೂ ಇರಬಹುದು, ಏಕೆಂದರೆ ಒಂದು ಸಾವಿಗೆ ಎರಡು ಪ್ರತಿಗಳನ್ನು ತೆಗೆದುಕೊಳ್ಳುವವರುಂಟು, ತಡವಾಗಿ ಬರೆಯಿಸುವವರೂ ಉಂಟು. ಹೆಚ್ಚಾದ ಸಾವುಗಳೆಲ್ಲವೂ ಕೋವಿಡ್ಡಿನವೇ ಎಂದು ಹೇಳುವಂತೆಯೂ ಇಲ್ಲ. ಆದರೆ ಆಕ್ಷೇಪಿಸಲು ಸಾಧ್ಯವಾಗುವಂತೆ ಹೇಳಿದುದೇ ಈ ಅಂಕಿಯ ಗುಣ. ಮನೆಯಲ್ಲಿ ಸಾವನ್ನು ಕಂಡು ಅದು ಯಾವ ಲೆಕ್ಕಕ್ಕೂ ಸೇರದೆ ಹೋದುದನ್ನು ನೋಡಿದ ಕುಟುಂಬಗಳಿಗೆ ಆ ವಾಕ್ಯವು ಎಷ್ಟರ ಮಟ್ಟಿನ ಸಾಂತ್ವನವನ್ನು ಕೊಟ್ಟಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇದರ ಪಕ್ಕದಲ್ಲಿ ನಮ್ಮ ಸಂಸ್ಥಾನದ ಒಂದು ಸಂಗತಿಯನ್ನು ಇಡಬೇಕಾಗಿದೆ. ೨೦೧೫ರಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗವು ಮನೆಮನೆಗೂ ಹೋಗಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ಮಾಡಿತು. ವರದಿಯು ಸರ್ಕಾರದ ಕೈಸೇರಿದುದು ೨೦೨೪ರ ಫೆಬ್ರವರಿಯಲ್ಲಿ, ಮಂತ್ರಿಮಂಡಲದ ಮುಂದೆ ಬಂದುದು ೨೦೨೫ರ ಏಪ್ರಿಲಿನಲ್ಲಿ. ಆದರೆ ಯಾವ ಜಾತಿಯವರು ಎಷ್ಟು ಲಕ್ಷವೆಂಬ ಅಂಕಿಗಳು ಅದಕ್ಕೂ ವರ್ಷಗಳ ಹಿಂದೆಯೇ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿದ್ದುವು. ‘ಸೋರಿಕೆಯಾದ ಅಂಕಿ’ ಎಂದು ಅವುಗಳ ಹೆಸರು. ಸೋರಿದ ಪಾತ್ರೆ ಯಾವುದೆಂದು ಯಾರೂ ಹೇಳಲಿಲ್ಲ. ಹೇಳಿದವನ ಹೆಸರಿಲ್ಲ, ಎಣಿಸಿದ ರೀತಿಯ ವಿವರವಿಲ್ಲ, ಬಿಟ್ಟುಹೋದವರ ಲೆಕ್ಕವಿಲ್ಲ. ಆದರೂ ಅವುಗಳನ್ನು ಹಿಡಿದು ಸಭೆಗಳು ನಡೆದುವು, ಮಠಗಳಲ್ಲಿಯೂ ಮಂತ್ರಾಲೋಚನೆಗಳಾದುವು, ಮನೆಯ ಜಗುಲಿಗಳಲ್ಲಿ ಹಳೆಯ ಮಿತ್ರರು ಮಾತುಬಿಟ್ಟರು. ಅಂಕಿಗಳು ಸರಿಯೋ ತಪ್ಪೋ ಎಂಬುದು 'ಇಲ್ಲಿ ನನ್ನ ಪ್ರಶ್ನೆಯಲ್ಲ. ವಕ್ತೃವಿಲ್ಲದ ವಾಕ್ಯವನ್ನು ಮೀಮಾಂಸಕರು ವೇದಕ್ಕೆ ಮಾತ್ರ ಒಪ್ಪಿಕೊಂಡರು. ನಾವು ಅದನ್ನು ಬೆಳಗಿನ ಪತ್ರಿಕೆಗೂ ಒಪ್ಪಿಕೊಂಡಂತಾಯಿತು.

ಹತ್ತು ವರ್ಷಗಳು ಕಳೆದುವೆಂಬ ಕಾರಣದಿಂದ ಸರ್ಕಾರವು ಹೊಸದಾಗಿ ಸಮೀಕ್ಷೆ ಮಾಡಿಸಲು ನಿಶ್ಚಯಿಸಿ, ೨೦೨೫ರ ಸೆಪ್ಟೆಂಬರ್ ೨೨ರಂದು ಅದನ್ನು ಆರಂಭಿಸಿತು. ಎಣಿಸಲು ಹೊರಟವರಲ್ಲಿ ಬಹುಮಂದಿ ನನ್ನ ವೃತ್ತಿಯವರೇ ಆದ ಉಪಾಧ್ಯಾಯರು. ಬಿಸಿಲಿನಲ್ಲಿ ತಿರುಗಿ, ಒಂದೊಂದು ಮನೆಯ ಬಾಗಿಲನ್ನು ತಟ್ಟಿ, ಬೈಗುಳವನ್ನೂ ಮಜ್ಜಿಗೆಯನ್ನೂ ಸಮವಾಗಿ ಸ್ವೀಕರಿಸಿದ ಅವರ ಶ್ರಮವನ್ನು ಬಲ್ಲವರು ಅಂಕಿಯನ್ನು ಹಗುರವಾಗಿ ಕಾಣಲಾರರು. ೨೦೨೭ರ ಮಾರ್ಚ್ ೧ನ್ನು ಆಧಾರದಿನವಾಗಿಟ್ಟುಕೊಂಡು ಭಾರತದ ಜನಗಣತಿಯು ನಡೆಯುವುದೆಂದೂ ಅದರಲ್ಲಿ ಜಾತಿಯನ್ನೂ ಎಣಿಸುವರೆಂದೂ ಕೇಂದ್ರಸರ್ಕಾರವು ೨೦೨೫ರಲ್ಲಿಯೇ ಪ್ರಕಟಿಸಿದೆ. ೨೦೧೧ರ ಅನಂತರ ಇಷ್ಟು ವರ್ಷಗಳು ದೇಶಕ್ಕೆ ಗಣತಿಯೇ ಇರಲಿಲ್ಲವೆಂಬುದನ್ನು ನೆನೆದರೆ, ಬರಲಿರುವ ಅಂಕಿಗಳ ಪ್ರವಾಹವು ಎಂತಹುದೆಂದು ಊಹಿಸಬಹುದು. ಅವುಗಳಲ್ಲಿ ಎಣಿಸಿದುವೂ ಇರುವುವು, ಸೋರಿದುವೂ ಇರುವುವು. ನಮ್ಮ ಸಂಘದ ವಾಚನಾಲಯದಲ್ಲಿ ಒಂದು ದಪ್ಪ ಪುಸ್ತಕವನ್ನು ಇಟ್ಟು, ಇಂತಹ ಒಂದೊಂದು ಸುದ್ದಿಯನ್ನೂ ಕತ್ತರಿಸಿ ದಿನಾಂಕದೊಡನೆ ಎಡಪುಟದಲ್ಲಿ ಅಂಟಿಸಿ, ಬಲಪುಟವನ್ನು ಖಾಲಿ ಬಿಡಬೇಕೆಂದು ನನ್ನ ಸೂಚನೆ. ಮೂಲವರದಿಯು ಹೊರಬಂದ ದಿನ ಅದರ ಅಂಕಿಯನ್ನು ಬಲಪುಟದಲ್ಲಿ ಬರೆಯಬಹುದು. ಅಂಟನ್ನೂ ಕತ್ತರಿಯನ್ನೂ ಒದಗಿಸಲು ನಾನು ಸಿದ್ಧನಿದ್ದೇನೆ; ಪುಸ್ತಕವನ್ನು ಕಾರ್ಯದರ್ಶಿಗಳು ಕೊಡಿಸಬೇಕು.